ಆಳಸಮುದ್ರದ ಹೈಡ್ರಾಯ್ಡ್: ಬಾಟಲಿಯಿಂದ ಹೆಸರಿನ ತನಕ

ಬೆಳಗಾವಿಯವರು ಸಮುದ್ರ ನೋಡಬೇಕೆಂದರೆ ಚೋರ್ಲಾ ಘಾಟ್ ಇಳಿಯಬೇಕು. ಬಾಗಲಕೋಟೆ, ವಿಜಯಪುರದವರಿಗೆ ಅದು ಇನ್ನೂ ದೂರ. ಆದರೆ ಹೈಡ್ರಾಯ್ಡ್ ಎಂಬ ಸಮುದ್ರದ ಪ್ರಾಣಿಯನ್ನು ಗುರುತಿಸುವ ಕೆಲಸಕ್ಕೆ ಈ ದೂರ ಅಡ್ಡಿಯಲ್ಲ. ಹಡಗಿನ ಮೇಲೆ ಆಗುವುದು ಎತ್ತುವ, ತೊಳೆಯುವ, ಬಾಟಲಿಗೆ ತುಂಬುವ ಕೆಲಸ. ಹೆಸರು ಹುಟ್ಟುವುದು ಸೂಕ್ಷ್ಮದರ್ಶಕದ ಮುಂದೆ, ಅದೂ ಎಷ್ಟೋ ಸಲ ಬಾಟಲಿ ಕಪಾಟು ಸೇರಿ ಹತ್ತಾರು ವರ್ಷ ಕಳೆದ ಮೇಲೆ. ನಮ್ಮ ಭಾಗದ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಇಂಥ ಮಾದರಿ ಕೈಗೆ ಬಂದ ವಿದ್ಯಾರ್ಥಿ, ಶಿಕ್ಷಕರಿಗಾಗಿ ಈ ಲೇಖನ.

ಹೈಡ್ರಾಯ್ಡ್ ಎಂದರೆ ಹೈಡ್ರೋಜೋವಾ ವರ್ಗದ ಪಾಲಿಪ್ ಹಂತ, ಅಂದರೆ ಬಾಯಿಯ ಸುತ್ತ ಕೈಗಳಿರುವ ಕೊಳವೆಯಂಥ ರೂಪ. ಹೆಚ್ಚಿನವು ವಸಾಹತು ಕಟ್ಟಿಕೊಂಡು ಬಾಳುತ್ತವೆ. ನೋಡಿದರೆ ಒಣಗಿದ ಪಾಚಿಯೋ ಹಕ್ಕಿಯ ಪುಕ್ಕವೋ ಅನಿಸುತ್ತದೆ. ಸಾಮಾನ್ಯವಾಗಿ 200 ಮೀಟರಿಗಿಂತ ಕೆಳಗಿನದನ್ನು ಆಳಸಮುದ್ರ ಎನ್ನುತ್ತೇವೆ. ಅಲ್ಲಿ ಇವು ಸತ್ತ ಹವಳ, ಚಿಪ್ಪು, ಸ್ಪಂಜಿನ ಮುಳ್ಳು, ಮ್ಯಾಂಗನೀಸ್ ಗಂಟು ಹೀಗೆ ಗಟ್ಟಿ ನೆಲೆ ಸಿಕ್ಕಲ್ಲಿ ಅಂಟಿಕೊಳ್ಳುತ್ತವೆ. ಕೆಲವು ಮಾತ್ರ ಕೆಸರಿಗೇ ಬೇರಿಳಿಸುತ್ತವೆ. ಗಾತ್ರದಲ್ಲಿ ಬಹಳ ವ್ಯತ್ಯಾಸ: ಕೆಲವು ಮಿಲಿಮೀಟರಿನವು ಉಂಟು, ಬ್ರಿಟನ್ನಿನ ಸಂಶೋಧನಾ ಹಡಗು ಚಾಲೆಂಜರ್ ಜಪಾನಿನ ಕಡೆ ಎತ್ತಿದ, 2 ಮೀಟರ್ ದಾಟಿದ ಒಂಟಿ ಪಾಲಿಪ್ ಬ್ರಾಂಕಿಯೋಸೆರಿಯಾಂಥಸ್ ಕೂಡ ಉಂಟು.

ಮೊದಲು ಕೆರೆಯ ಹೈಡ್ರಾ

ಆಳಸಮುದ್ರದ ಮಾದರಿ ಮತ್ತೆ ಸಿಗುವಂಥದ್ದಲ್ಲ. ಅದರ ಮೇಲೆ ಕೈ ಪಳಗಿಸಲು ಹೋಗಬೇಡಿ. ಬೆಳಗಾವಿಯ ಕೋಟೆ ಕೆರೆ, ವಿಜಯಪುರದ ಭೂತನಾಳ ಕೆರೆ, ಊರ ಹೊರಗಿನ ಯಾವುದೇ ಕೃಷಿಹೊಂಡದಲ್ಲಿ ನೀರಸಸ್ಯ ಸಿಕ್ಕರೆ ಒಂದು ಹಿಡಿ ತಂದು ಗಾಜಿನ ಪಾತ್ರೆಯಲ್ಲಿ ಅಲುಗಾಡಿಸದೆ ರಾತ್ರಿ ಇಡಿ. ಹೈಡ್ರಾ ಇದ್ದರೆ ಬೆಳಿಗ್ಗೆ ಪಾತ್ರೆಯ ಗೋಡೆಗೂ ಎಲೆಯ ಅಡಿಗೂ ಅಂಟಿ ಕೈ ಚಾಚಿರುತ್ತದೆ. ಚಳಿಗಾಲದಲ್ಲಿ ಹುಡುಕಿ, ಬೇಸಿಗೆಯ ಕಾದ ನೀರಿನಲ್ಲಿ ಬರಿಗೈಲಿ ಬರುವುದೇ ಹೆಚ್ಚು.

ಹೈಡ್ರಾದ ಒಂದು ಟೆಂಟಕಲ್, ಅಂದರೆ ಚಾಚುವ ಕೈಯ, ತುಂಡನ್ನು ಸ್ಲೈಡಿನ ಮೇಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಕುಟುಕುಕೋಶಗಳ ಒಳಗಿನ ಸಿಡಿಯುವ ಚೀಲಗಳು, ಅಂದರೆ ನೆಮಟೋಸಿಸ್ಟ್‌ಗಳು, ನಾಲ್ಕು ಬಗೆಯವು ಕಾಣಬೇಕು: ದೊಡ್ಡ ಸ್ಟೀನೋಟೀಲ್, ಪುಟ್ಟ ಡೆಸ್ಮೋನೀಮ್, ಮತ್ತು ಹೋಲೋಟ್ರೈಕಸ್, ಏಟ್ರೈಕಸ್ ಎಂಬ ಎರಡು ಐಸೋರೈಜಾ. ಕವರ್‌ಸ್ಲಿಪ್‌ನ ಒಂದು ಅಂಚಿಗೆ ತೆಳು ಅಸಿಟಿಕ್ ಆಮ್ಲದ ಹನಿ ಬಿಟ್ಟು ಇನ್ನೊಂದು ಅಂಚಿನಿಂದ ಬ್ಲಾಟಿಂಗ್ ಪೇಪರಿನಲ್ಲಿ ಎಳೆದರೆ ಅವು ಸಿಡಿಯುವುದೂ ಕಾಣುತ್ತದೆ. ಈ ನಾಲ್ಕನ್ನು ಬೇರೆಬೇರೆಯಾಗಿ ಅಳೆಯಲು ಬಂದ ಮೇಲೆಯೇ ಸಮುದ್ರದ ಬಾಟಲಿ ತೆರೆಯಿರಿ. ಒಂದು ಎಚ್ಚರ: ಹೈಡ್ರಾಕ್ಕೆ ಹೊರಕವಚವಿಲ್ಲ, ವಸಾಹತು ಇಲ್ಲ, ಮೆಡೂಸಾ ಎಂಬ ಈಜುವ ಛತ್ರಿಯಂಥ ಹಂತವೂ ಇಲ್ಲ. ಪಠ್ಯಪುಸ್ತಕ ಅದನ್ನೇ ಹೈಡ್ರೋಜೋವಾದ ಮಾದರಿ ಎಂದು ಕೊಟ್ಟಿದೆ. ನಿಜಕ್ಕೂ ಅದು ಆ ವರ್ಗದಲ್ಲಿ ಬಲು ವಿಚಿತ್ರ ಪ್ರಾಣಿ.

ಕವಚವಿರುವವನ್ನು ನೋಡಿ ಕಲಿಯಲು ಪೇಟೆಗೆ ಬರುವ ನೀಲಿಕಲ್ಲು ಎಂಬ ಮೃದ್ವಂಗಿಯ ಚಿಪ್ಪು, ಏಡಿಯ ಬೆನ್ನು ಹುಡುಕಿ. ಕಂದು ನೂಲಿನಂಥದ್ದು ಅಂಟಿದ್ದರೆ ಅದು ಹೈಡ್ರಾಯ್ಡ್ ಆಗಿರಬಹುದು. ಕರಾವಳಿಗೆ ಹೋದವರು ಬಲೆಯ ಕಸದಲ್ಲಿ ಸಮುದ್ರಬೀಸಣಿಗೆಗೆ ಅಂಟಿದ ಹೈಡ್ರಾಯ್ಡ್ ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಸಮುದ್ರಬೀಸಣಿಗೆ, ಕಪ್ಪುಹವಳ, ಬೆಂಕಿಹವಳ ಎಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಬೆಂಕಿಹವಳ ಸ್ವತಃ ಹೈಡ್ರೋಜೋವಾ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಬಾಟಲಿ ಬಂದಾಗ

ಮುಚ್ಚಳ ತೆಗೆಯುವ ಮೊದಲು ಚೀಟಿ ಓದಿ. ಸ್ಟೇಷನ್ (ಬಲೆ ಇಳಿಸಿದ ತಾಣ) ಸಂಖ್ಯೆ, ಅಕ್ಷಾಂಶ ರೇಖಾಂಶ, ದಿನಾಂಕ, ಬಳಸಿದ ಬಲೆ, ಆಳ ಇವಿಷ್ಟು ಬೇಕು. ಆಳಕ್ಕೆ ಒಂದೇ ಅಂಕಿ ಇದ್ದರೆ ಅನುಮಾನ ಪಡಿ. ಬಲೆ ನೆಲ ಮುಟ್ಟಿದಾಗಿನ ಆಳ ಒಂದು, ನೆಲ ಬಿಟ್ಟಾಗಿನದು ಇನ್ನೊಂದು, ಎರಡೂ ಬೇಕು. ಬಾಯಿ ಮುಚ್ಚಿಕೊಳ್ಳದ ಬಲೆ ಮೇಲೆ ಬರುವಾಗ ನಡುನೀರಿನದನ್ನೂ ತೇಲುವ ಪಾಚಿಯ ಮೇಲಿನದನ್ನೂ ಬಾಚಿಕೊಂಡು ಬರುತ್ತದೆ. 1,500 ಮೀಟರ್ ಎಂದು ಬರೆದ ಬಾಟಲಿಯಲ್ಲಿ ದಡದ ಜಾತಿ ಸಿಗುವುದು ಹೀಗೆ. ಅದು ಕಲ್ಲಿಗೋ ಚಿಪ್ಪಿಗೋ ಅಂಟಿದ ಸ್ಥಿತಿಯಲ್ಲೇ ಇದ್ದರೆ ಆಳದ ಮಾತು ನಂಬಬಹುದು. ಬಿಡಿ ತುಂಡಾದರೆ ಟಿಪ್ಪಣಿಯಲ್ಲಿ ಹಾಗೆಂದೇ ಬರೆಯಿರಿ.

ಮೂಲ ಚೀಟಿ ಎಷ್ಟೇ ಹರಿದಿರಲಿ, ಎಸೆಯಬೇಡಿ. ಹೊಸ ಚೀಟಿ ಬರೆದು ಎರಡನ್ನೂ ಬಾಟಲಿಯ ಒಳಗೇ ಇಡಿ. ಪೆನ್ಸಿಲ್ ಅಥವಾ ನೀರಿಗೆ ಹರಿಯದ ಇಂಡಿಯನ್ ಇಂಕ್ ಆಗಬೇಕು. ಬಾಲ್‌ಪೆನ್ನಿನ ಅಕ್ಷರ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಸಂಗ್ರಹಕ್ಕೆ ಹೋಗುವವರು ನಿಮಗಾಗಿ ಮಾದರಿ ಹಿಡಿಯುವುದಾದರೆ ಮೊದಲೇ ಹೇಳಿಡಿ. ಲೀಟರ್ ಸಿಹಿನೀರಿಗೆ 73 ಗ್ರಾಂ ಮೆಗ್ನೀಸಿಯಮ್ ಕ್ಲೋರೈಡ್ ಹರಳು ಕರಗಿಸಿ, ಅಷ್ಟೇ ಸಮುದ್ರದ ನೀರು ಬೆರೆಸಿ, ವಸಾಹತನ್ನು ಅದರಲ್ಲಿ ಮಲಗಿಸಬೇಕು. ಪಾಲಿಪ್ ಮುಟ್ಟಿದರೂ ಮುದುಡದಂತಾದ ಮೇಲೆ ಫಾರ್ಮಾಲಿನ್: ಅಂಗಡಿಯ ಗಾಢ ಫಾರ್ಮಾಲಿನ್ ಒಂದು ಭಾಗ, ಸಮುದ್ರದ ನೀರು ಒಂಬತ್ತು ಭಾಗ. ಗಾಢ ಫಾರ್ಮಾಲಿನ್‌ಗೆ ಲೀಟರಿಗೆ 20 ಗ್ರಾಂನಂತೆ ಬೋರಾಕ್ಸ್ ಮೊದಲೇ ಹಾಕಿರಬೇಕು, ಇಲ್ಲದಿದ್ದರೆ ಅದು ದಿನ ಕಳೆದಂತೆ ಹುಳಿಯಾಗುತ್ತದೆ. ಫಾರ್ಮಾಲಿನ್‌ಗೆ ಹಾಕುವ ಮೊದಲೇ ಅದೇ ವಸಾಹತಿನಿಂದ 2–3 ಮಿಲಿಮೀಟರ್ ತುಂಡು ಕತ್ತರಿಸಿ 95 ಶೇಕಡಕ್ಕಿಂತ ಗಾಢವಾದ ಎಥನಾಲಿನಲ್ಲಿ ಬೇರೆ ಇಡಬೇಕು. ಡಿಎನ್‌ಎ ಕೆಲಸಕ್ಕೆ ಆ ತುಂಡೇ ಗತಿ. ಹೈಡ್ರಾಯ್ಡ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೈಟೋಕಾಂಡ್ರಿಯಾದ 16ಎಸ್ ಜೀನ್. ತುಂಡಿನ ಹತ್ತು ಪಟ್ಟು ಎಥನಾಲ್ ಇರಲಿ, ಮರುದಿನ ಒಮ್ಮೆ ಬದಲಿಸಿ. ತುಂಡಿನ ಮೇಲೆ ಇನ್ನೊಂದು ಸಣ್ಣ ಹೈಡ್ರಾಯ್ಡ್ ಹಬ್ಬಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಬ್ಬಿದ್ದರೆ ಯಾರದೋ ಜೀನು ಯಾರದೋ ಹೆಸರಿಗೆ ಸೇರುತ್ತದೆ.

ಬಹುಕಾಲ ಇಡಲು 70 ಶೇಕಡ ಆಲ್ಕೋಹಾಲ್. 95ರ ಆಲ್ಕೋಹಾಲ್ 70 ಮಿಲಿಲೀಟರ್ ತೆಗೆದು ಭಟ್ಟಿ ಇಳಿಸಿದ ನೀರು ಸೇರಿಸುತ್ತ 95ರ ಗೆರೆ ಮುಟ್ಟಿಸಿ. ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರು ಇಲ್ಲಿ ಬೇಡವೇ ಬೇಡ. ಅದರ ಸುಣ್ಣ ಆಲ್ಕೋಹಾಲಿನಲ್ಲಿ ಬೆಳ್ಳಗೆ ಇಳಿದು ಮಾದರಿಯ ಮೇಲೆ ಕೂರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದೇ ಏನೋ ವಿಶೇಷ ಮುಳ್ಳುಗಳಂತೆ ಕಂಡು ಮೋಸಮಾಡುತ್ತದೆ. ಏಪ್ರಿಲ್ ಮೇ ಬಿಸಿಲಿಗೆ ಬಾಟಲಿ ತಾನಾಗಿ ಆರುವುದೂ ಇದೆ. ತಿಂಗಳಿಗೊಮ್ಮೆ ಮಟ್ಟ ನೋಡಿ. ಸಾಗಿಸುವಾಗ ಆಲ್ಕೋಹಾಲ್ ಬಸಿದು, ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಮೂರು ಪದರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ತೇವ ಹಿಡಿಯುತ್ತದೆ.

ಕಣ್ಣಿಟ್ಟು ನೋಡುವ ಕ್ರಮ

ಸ್ಟೀರಿಯೋ ಸೂಕ್ಷ್ಮದರ್ಶಕದ ಕೆಳಗೆ ಇಡೀ ವಸಾಹತನ್ನು ಆಲ್ಕೋಹಾಲ್ ತುಂಬಿದ ತಟ್ಟೆಯಲ್ಲಿಟ್ಟು ಕೆಳಗಿನಿಂದ ಮೇಲಕ್ಕೆ ನೋಡಿ. ಬುಡದಲ್ಲಿ ಕರಿಕೆಯ ಬಳ್ಳಿಯಂತೆ ಹರಿದಿರುವುದು ಹೈಡ್ರೋರೈಜಾ. ಅದರಿಂದ ಎದ್ದ ಕಾಂಡ ಒಂದೇ ಕೊಳವೆಯದೋ, ಹುರಿಹಗ್ಗದಂತೆ ಹಲವು ಕೊಳವೆ ಕೂಡಿದ್ದೋ ಗಮನಿಸಿ. ಆಳದ ಅನೇಕ ಜಾತಿಗಳಲ್ಲಿ ಕೆಳಗೆ ಹಗ್ಗ, ತುದಿಯಲ್ಲಿ ಒಂಟಿ ಎಳೆ ಇರುತ್ತದೆ. ತುದಿಯ ತುಂಡು ಮಾತ್ರ ಸಿಕ್ಕವರು ಒಂದೇ ಕೊಳವೆ ಎಂದು ಬರೆದು ತಪ್ಪುತ್ತಾರೆ. ಕಾಂಡಕ್ಕೆ ಕಬ್ಬಿನಂತೆ ಗಣ್ಣು ಇದೆಯೇ, ಗಣ್ಣಿಂದ ಗಣ್ಣಿಗೆ ಎಷ್ಟು ಪಾಲಿಪ್, ಕೊಂಬೆಗಳು ಒಂದೇ ಸಮತಲದಲ್ಲೋ ಸುತ್ತಲೂ ಇವೆಯೋ ಎಂಬುದು ಮುಂದಿನ ಪ್ರಶ್ನೆ.

ಆಮೇಲೆ ದೊಡ್ಡ ಕವಲು. ಪಾಲಿಪ್‌ಗೆ ಗಾಜಿನಂಥ ಬಟ್ಟಲು, ಅಂದರೆ ಹೈಡ್ರೋಥೀಕಾ, ಇದ್ದರೆ ಲೆಪ್ಟೋಥೀಕಾಟಾ ಗಣ, ಇಲ್ಲದಿದ್ದರೆ ಆಂಥೋಅಥೀಕಾಟಾ ಗಣ. ಬಟ್ಟಲಿಲ್ಲದವನ್ನು ಸತ್ತ ಮಾದರಿಯಿಂದ ಗುರುತಿಸುವುದು ಕಡುಕಷ್ಟ. ಟೆಂಟಕಲ್ ತುದಿಯಲ್ಲಿ ಗುಂಡಿ ಇದೆಯೇ, ಬಾಯಿಯ ಭಾಗ ತುತೂರಿಯಂತೆ ಅಗಲವೇ ಎಂಬುದೆಲ್ಲ ಮುದುಡಿದ ಮಾಂಸದಲ್ಲಿ ಅಳಿಸಿಹೋಗಿರುತ್ತದೆ. ನೇರವಾಗಿ ಆಲ್ಕೋಹಾಲಿಗೆ ಬಿದ್ದ ಇಂಥವನ್ನು ಕುಟುಂಬದ ಮಟ್ಟಕ್ಕೆ ನಿಲ್ಲಿಸಿ ಮುಂದೆ ಹೋಗುವುದು ವಿವೇಕ.

ಬಟ್ಟಲಿರುವವು ಹಾಗಲ್ಲ. ಪಾಲಿಪ್ ಕೊಳೆತುಹೋದರೂ ಕೈಟಿನ್ ಕವಚ ನಿಲ್ಲುತ್ತದೆ, ಅದರಲ್ಲೇ ಬಹಳಷ್ಟು ಓದಬಹುದು. ಬಟ್ಟಲು ತೊಟ್ಟಿನ ಮೇಲೆ ನಿಂತಿದೆಯೋ ಕಾಂಡಕ್ಕೆ ಅಂಟಿಕೂತಿದೆಯೋ, ಅಂಟಿದ್ದರೆ ಒಳಗೋಡೆಯ ಎಷ್ಟು ಭಾಗ ಅಂಟಿದೆ, ಬಾಯಿಗೆ ಮುಚ್ಚಳವಿದೆಯೋ, ತಳದಲ್ಲಿ ಡಯಾಫ್ರಾಮ್ ಎಂಬ ತೆಳು ಅಡ್ಡಪರೆ ಇದೆಯೋ, ಪಕ್ಕದಲ್ಲಿ ನೆಮಟೋಥೀಕಾ ಎಂಬ ಪುಟ್ಟ ಕಾವಲು ಕೊಳವೆಗಳಿವೆಯೋ ನೋಡಿ. ಬಾಯಂಚಿಗೆ ನಾಲ್ಕು ಹಲ್ಲು, ನಾಲ್ಕು ಎಸಳಿನ ಮುಚ್ಚಳವಾದರೆ ಸರ್ಟುಲರೆಲ್ಲಾ ಕಡೆಗೆ. ಮೂರಾದರೆ ಸಿಂಪ್ಲೆಕ್ಟೋಸೈಫಸ್ ಕಡೆಗೆ. ಬಟ್ಟಲುಗಳೆಲ್ಲ ಕೊಂಬೆಯ ಒಂದೇ ಮಗ್ಗುಲಲ್ಲಿ ಸಾಲಾಗಿ, ಪ್ರತಿಯೊಂದಕ್ಕೂ ಮುಂದೆ ಒಂದು, ಪಕ್ಕಕ್ಕೆ ಎರಡು ನೆಮಟೋಥೀಕಾ ಅಂಟಿದ್ದರೆ ಅದು ಅಗ್ಲಾಯೋಫೀನಿಡೀ ಕುಟುಂಬ. ಬಟ್ಟಲು ತಟ್ಟೆಯಷ್ಟು ಆಳವಿಲ್ಲದೆ, ಪಾಲಿಪ್ ಒಳಸೇರಲಾಗದೆ ಹೊರಗೇ ಉಳಿದಿದ್ದರೆ ಹಲೀಸಿಡೀ ಕುಟುಂಬ.

ಆಳದಿಂದ ಬಂದ ಬಾಟಲಿಗಳಲ್ಲಿ ಪದೇ ಪದೇ ತಲೆಕೆಡಿಸುವುದು ಮುಚ್ಚಳವಿಲ್ಲದ ಉದ್ದ ಕೊಳವೆ ಬಟ್ಟಲಿನವು: ಲಾಫೋಯಾ, ಅಕ್ರಿಪ್ಟೋಲೇರಿಯಾ, ಜೈಗೋಫೈಲಾಕ್ಸ್. ಅಕ್ರಿಪ್ಟೋಲೇರಿಯಾದಲ್ಲಿ ಬಟ್ಟಲಿನ ಒಳಗೋಡೆ ಸ್ವಲ್ಪ ದೂರ ಕೊಂಬೆಗೆ ಬೆಸೆದಿರುತ್ತದೆ, ಡಯಾಫ್ರಾಮ್ ಇಲ್ಲ, ನೆಮಟೋಥೀಕಾ ಇಲ್ಲ. ಜೈಗೋಫೈಲಾಕ್ಸ್‌ನಲ್ಲಿ ಡಯಾಫ್ರಾಮ್ ಉಂಟು, ನೆಮಟೋಥೀಕಾವೂ ಉಂಟು. ಕಾಗದದ ಮೇಲೆ ಸುಲಭ. ಆದರೆ ಜೈಗೋಫೈಲಾಕ್ಸ್‌ನ ನೆಮಟೋಥೀಕಾ ಬಲೆಯ ಉಜ್ಜಾಟಕ್ಕೇ ಮುರಿದು ಬೀಳುತ್ತದೆ. ನೂರು ಬಟ್ಟಲು ನೋಡಿದರೂ ಒಂದೂ ಸಿಗದಿರಬಹುದು. ಆಗ ಬಟ್ಟಲಿನ ತೊಟ್ಟಿನ ಬುಡದಲ್ಲಿ 40ರ ಆಬ್ಜೆಕ್ಟಿವ್ ಹಾಕಿ, ಫೋಕಸ್ ತಿರುಪನ್ನು ಹಿಂದೆಮುಂದೆ ಆಡಿಸಿ, ಮುರಿದ ಗುರುತಿನ ದುಂಡು ತೂತು ಹುಡುಕಿ. ಹೂ ಉದುರಿದ ತೊಟ್ಟಿನ ಕಲೆಯಂತೆ ಅದು ಉಳಿದಿರುತ್ತದೆ. ಆ ತೂತು ಕಂಡರೆ ನೆಮಟೋಥೀಕಾ ಇತ್ತು ಎಂದೇ ಲೆಕ್ಕ. "ಇಲ್ಲ" ಎಂದು ಬರೆಯುವ ಮುನ್ನ ಕೊಂಬೆಗಳ ಸಂದು, ಹಗ್ಗದ ಎಳೆಗಳ ನಡುವಿನ ಜಾಗ ಇವನ್ನು ನೋಡಿ. ಉಜ್ಜು ತಗಲದ ಅಲ್ಲಿ ಒಂದೆರಡು ಉಳಿದಿರುವುದುಂಟು.

ಇನ್ನು ಗೊನೊಥೀಕಾ, ಸಂತಾನದ ಕೋಶ. ಜಾತಿಯ ತೀರ್ಮಾನದಲ್ಲಿ ಇದರ ಮಾತು ದೊಡ್ಡದು. ಲಾಫೋಯಾ, ಜೈಗೋಫೈಲಾಕ್ಸ್ ಬಳಗದಲ್ಲಿ ಗೊನೊಥೀಕಾಗಳು ಒತ್ತೊತ್ತಾಗಿ ಕಾಂಡವನ್ನು ಸುತ್ತಿ ಸಜ್ಜೆಯ ತೆನೆಯಂತೆ ಕೂರುತ್ತವೆ. ಇದಕ್ಕೆ ಕಾಪ್ಪೀನಿಯಾ ಎಂದು ಹೆಸರು. ಹೊಸಬರು ಅದನ್ನು ಬೇರೆ ಪ್ರಾಣಿ ಹತ್ತಿಕೊಂಡಿದೆ ಎಂದು ಇಕ್ಕಳದಿಂದ ಕಿತ್ತೆಸೆದದ್ದೂ ಉಂಟು. ಗೊನೊಥೀಕಾ ಇಲ್ಲದ ಬರಡು ವಸಾಹತಿಗೆ ಹೊಸ ಜಾತಿಯ ಹೆಸರು ಕೊಡಬೇಡಿ. ಹಿಂದೆ ಹಾಗೆ ಕೊಟ್ಟವರ ಹೆಸರುಗಳನ್ನು ಬಿಡಿಸುವುದರಲ್ಲೇ ಇಂದಿನವರ ಅರ್ಧ ಕೆಲಸ ಹೋಗುತ್ತಿದೆ.

ಸ್ಲೈಡ್

ವಸಾಹತಿನ ಬುಡ, ನಡು, ತುದಿಯಿಂದ ಒಂದೊಂದು ತುಂಡು, ಗೊನೊಥೀಕಾ ಇರುವ ಒಂದು ತುಂಡು, ಇಷ್ಟು ಸಾಕು. ಕವಚ ಮಾತ್ರ ನೋಡಬೇಕಿದ್ದರೆ ಗ್ಲಿಸರಿನ್‌ನಲ್ಲಿ ತಾತ್ಕಾಲಿಕವಾಗಿ ಇಡಬಹುದು. ಶಾಶ್ವತ ಸ್ಲೈಡಿಗೆ ಕೆಂಪು ಬಣ್ಣ ಕೊಡುವ ಬೋರಾಕ್ಸ್ ಕಾರ್ಮೈನ್‌ನಲ್ಲಿ ರಾತ್ರಿಯಿಡೀ ಬಿಟ್ಟು, ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ 70ರ ಆಲ್ಕೋಹಾಲಿನಲ್ಲಿ ಗುಲಾಬಿ ಬಣ್ಣ ಉಳಿಯುವಷ್ಟು ತೊಳೆದು, 90, 100, ಮತ್ತೊಮ್ಮೆ ಹೊಸ 100, ಆಮೇಲೆ ಜೈಲೀನ್, ಕಡೆಗೆ ಕವರ್‌ಸ್ಲಿಪ್ ಕೂರಿಸುವ ಅಂಟು, ಕೆನಡಾ ಬಾಲ್ಸಮ್ ಅಥವಾ ಡಿಪಿಎಕ್ಸ್. ಪ್ರತಿ ಹಂತಕ್ಕೂ ಹತ್ತು ನಿಮಿಷ ಕೊಡಿ.

ಜೈಲೀನ್‌ಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾದರೆ ನೀರು ಉಳಿದಿದೆ ಎಂದರ್ಥ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿಯಲ್ಲಿ ಇದು ನಿತ್ಯದ ಗೋಳು: ಮುಚ್ಚಳ ತೆರೆದಿಟ್ಟ ಅಬ್ಸಲ್ಯೂಟ್ ಆಲ್ಕೋಹಾಲ್ ಮಳೆಗಾಲದ ಗಾಳಿಯಿಂದಲೇ ನೀರು ಹೀರಿಕೊಳ್ಳುತ್ತದೆ. ತುಂಡನ್ನು ಮತ್ತೆ 100ಕ್ಕೆ ತಂದು, ಹೊಸ ಬಾಟಲಿ ಒಡೆದು, ಎರಡು ಸಲ ದಾಟಿಸಿ. ವಿಜಯಪುರದ ಒಣಹವೆಯಲ್ಲಿ ಕಾಟ ಬೇರೆ: ಬಾಲ್ಸಮ್ ಹಾಕುವಷ್ಟರಲ್ಲಿ ಜೈಲೀನ್ ಆರಿ ಬಟ್ಟಲೊಳಗೆ ಗಾಳಿ ನುಗ್ಗಿ ಕಪ್ಪು ಗುಳ್ಳೆ ಕೂರುತ್ತದೆ. ಅಲ್ಲಿ ಲವಂಗದ ಎಣ್ಣೆ ವಾಸಿ; ನಿಧಾನವಾಗಿ ಆರುತ್ತದೆ. ಕವರ್‌ಸ್ಲಿಪ್ ಭಾರಕ್ಕೆ ಬಟ್ಟಲು ಚಪ್ಪಟೆಯಾಗದಂತೆ ಅದರ ನಾಲ್ಕು ಮೂಲೆಗೆ ಒಡೆದ ಗಾಜಿನ ಚೂರು ಆನಿಕೆ ಕೊಡಿ. ಚಪ್ಪಟೆಯಾದ ಬಟ್ಟಲಿನ ಬಾಯಗಲ ಸುಳ್ಳು ಹೇಳುತ್ತದೆ.

ಅಳತೆ

ಆಕ್ಯುಲರ್ ಮೈಕ್ರೋಮೀಟರಿನ, ಅಂದರೆ ಕಣ್ಣಿಡುವ ಮಸೂರದೊಳಗಿನ ಅಳತೆಪಟ್ಟಿಯ, ಗೆರೆಗೆ ತನ್ನದೇ ಬೆಲೆ ಇಲ್ಲ. ಸ್ಲೈಡಿನಂತೆ ಕೆಳಗಿಡುವ ಸ್ಟೇಜ್ ಮೈಕ್ರೋಮೀಟರಿನ ಒಂದು ಮಿಲಿಮೀಟರಿನಲ್ಲಿ 100 ಗೆರೆ, ಗೆರೆಗೆ 10 ಮೈಕ್ರೋಮೀಟರ್. 40ರ ಆಬ್ಜೆಕ್ಟಿವ್‌ನಲ್ಲಿ ಕಣ್ಣಿನ 100 ಗೆರೆ ಸ್ಟೇಜಿನ 25 ಗೆರೆಗೆ ಕೂತರೆ ಕಣ್ಣಿನ ಒಂದು ಗೆರೆ 2.5 ಮೈಕ್ರೋಮೀಟರ್. ಪ್ರತಿ ಆಬ್ಜೆಕ್ಟಿವ್‌ಗೂ, ಪ್ರತಿ ಸೂಕ್ಷ್ಮದರ್ಶಕಕ್ಕೂ ಬೇರೆ ಲೆಕ್ಕ ಮಾಡಿ ಅದರ ಮೈಗೇ ಚೀಟಿ ಅಂಟಿಸಿ.

ಬಟ್ಟಲಿನ ಹೊರಗೋಡೆಯ ಉದ್ದ, ಒಳಗೋಡೆಯ ಅಂಟಿದ ಭಾಗ, ಬಿಡಿ ಭಾಗ, ಬಾಯಗಲ, ಡಯಾಫ್ರಾಮ್ ಹತ್ತಿರದ ಅಗಲ, ಗಣ್ಣಿನ ನಡುವಿನ ಉದ್ದ, ಗೊನೊಥೀಕಾದ ಉದ್ದ ಮತ್ತು ಅತಿ ಹೆಚ್ಚಿನ ಅಗಲ ಅಳೆಯಬೇಕು. ಪ್ರತಿಯೊಂದನ್ನೂ ಕನಿಷ್ಠ ಹತ್ತು ಸಲ, ಸಿಕ್ಕರೆ ಮೂರು ವಸಾಹತಿನಿಂದ. ಅಂಟಿದ ಭಾಗ 420, ಬಿಡಿ ಭಾಗ 180 ಮೈಕ್ರೋಮೀಟರ್ ಬಂದರೆ ಬಿಡಿ ಭಾಗ ಒಟ್ಟಿನ 0.3 ಎಂದು ಬರೆದಿಡಿ. ವಸಾಹತು ದೊಡ್ಡದಾದಂತೆ ಅಳತೆಗಳು ಬದಲಾಗಬಹುದು, ಇಂಥ ಅನುಪಾತ ಅಷ್ಟು ಅಲುಗಾಡುವುದಿಲ್ಲ.

ಬಟ್ಟಲಿನ ಬಾಯಿ ಮುರಿದಾಗ ಹೈಡ್ರಾಯ್ಡ್ ಅದರ ಮೇಲೆಯೇ ಹೊಸ ಅಂಚು ಕಟ್ಟುತ್ತದೆ. ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ಅಂಚುಗಳು ಒಂದರೊಳಗೊಂದು ಲೋಟ ಪೇರಿಸಿದಂತೆ ಕಾಣುತ್ತವೆ. ಉದ್ದವನ್ನು ಮೊದಲ ಅಂಚಿನವರೆಗೆ ಮಾತ್ರ ಅಳೆಯಿರಿ, ನವೀಕರಣ ಎಷ್ಟು ಎಂಬುದನ್ನು ಬೇರೆ ಹೇಳಿ. ಕಡೆಯ ಅಂಚಿನವರೆಗೆ ಅಳೆದು "ಉದ್ದ ಬಟ್ಟಲಿನ ಹೊಸ ಜಾತಿ" ಮಾಡಿದರೆ ನಗೆಪಾಟಲು.

ನೆಮಟೋಸಿಸ್ಟ್‌ಗೆ 100ರ ಎಣ್ಣೆ ಆಬ್ಜೆಕ್ಟಿವ್ ಬೇಕು. ಸಿಡಿಯದವನ್ನಷ್ಟೇ, ಬಗೆಬಗೆಯಾಗಿ ಹತ್ತರಂತೆ, ಉದ್ದ ಅಗಲ ಎರಡನ್ನೂ ಅಳೆಯಿರಿ. ಕಂಡೆನ್ಸರ್‌ನ ಡಯಾಫ್ರಾಮ್ ಕಿರಿದು ಮಾಡಿದರೆ ಅಂಚು ಚೆನ್ನಾಗಿ ಎದ್ದುಕಾಣುತ್ತದೆ. ಅಕ್ರಿಪ್ಟೋಲೇರಿಯಾದಂಥ ಕುಲದಲ್ಲಿ ಹೊರನೋಟಕ್ಕೆ ಒಂದೇ ಎನಿಸುವ ಜಾತಿಗಳನ್ನು ಬಿಡಿಸಲು ಈ ಅಳತೆಯೇ ನೆರವಿಗೆ ಬರುತ್ತದೆ. ಖಾಲಿ ಬಟ್ಟಲಿನ ಮಾದರಿಯಲ್ಲೂ ಕಾಂಡದ ಒಳಗಿನ ಉಳಿದ ಮಾಂಸದಲ್ಲಿ ಒಮ್ಮೊಮ್ಮೆ ಸಿಗುತ್ತವೆ.

ಹಳೆಯ ಹೆಸರುಗಳ ಕಾಡು

ವರ್ಲ್ಡ್ ಹೈಡ್ರೋಜೋವಾ ಡೇಟಾಬೇಸ್‌ನಲ್ಲಿ ಕುಲದ ಹೆಸರು ಹಾಕಿ ಈಗ ಮಾನ್ಯವಾದ ಜಾತಿಗಳ ಪಟ್ಟಿ ತೆಗೆಯಿರಿ. ಅದು ಹುಡುಕಾಟದ ಆರಂಭ, ತೀರ್ಪಲ್ಲ. ಪ್ರತಿ ಜಾತಿಯ ಮೂಲ ವಿವರಣೆ ಓದಲೇಬೇಕು. ಚಾಲೆಂಜರ್ ಯಾನ 1872ರಿಂದ 1876ರವರೆಗೆ ನಡೆಯಿತು. ಅದರ ಹೈಡ್ರಾಯ್ಡ್‌ಗಳನ್ನು ಪ್ರಾಣಿಶಾಸ್ತ್ರಜ್ಞ ಆಲ್‌ಮನ್ 1883 ಮತ್ತು 1888ರಲ್ಲಿ ಎರಡು ಭಾಗವಾಗಿ ವಿವರಿಸಿದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಆಳಸಮುದ್ರದ ಹೈಡ್ರಾಯ್ಡ್‌ಗಳನ್ನು ಜೇಮ್ಸ್ ರಿಚಿ 1910ರಲ್ಲಿ ಬರೆದರು. ನಮ್ಮ ಸುತ್ತಲ ಸಮುದ್ರಕ್ಕೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಳೆಯ ಬರಹಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಬಿಟ್ಟಿ ಸಿಗುತ್ತವೆ. ಹಳೆಯ ಚಿತ್ರಗಳನ್ನು ಪೂರ್ತಿ ನಂಬಬೇಡಿ. ಮುರಿದ ಅಂಚನ್ನು ಕಲಾವಿದರು ಸರಿಪಡಿಸಿ ಬರೆದದ್ದಿರಬಹುದು. ಆಳದ ಹಳೆಯ ಅಳತೆಯಾದ ಫ್ಯಾದಮ್ ಲೆಕ್ಕವನ್ನು 1.83ರಿಂದ ಗುಣಿಸಿದರೆ ಮೀಟರ್.

ಜಾತಿಯ ಹೆಸರಿನ ಮುಂದೆ ಲೇಖಕರ ಹೆಸರು ಕಂಸದಲ್ಲಿದ್ದರೆ ಅವರು ಆ ಜಾತಿಯನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದರು ಎಂದರ್ಥ. ಹುಡುಕುವಾಗ ಆ ಹಳೆಯ ಕುಲದ ಹೆಸರಿನಲ್ಲೂ ಹುಡುಕಿ.

ಬರೆಯುವುದು

ಪರಿಶೀಲಿಸಿದ ಮಾದರಿಯ ವಿವರ ಮೊದಲು: ಸ್ಟೇಷನ್, ಸ್ಥಳ, ಆಳ, ದಿನಾಂಕ, ಎಷ್ಟು ವಸಾಹತು, ಎತ್ತರ, ಯಾವುದರ ಮೇಲೆ ಅಂಟಿತ್ತು, ಗೊನೊಥೀಕಾ ಇತ್ತೇ, ನೋಂದಣಿ ಸಂಖ್ಯೆ. ಆಮೇಲೆ ಬುಡದಿಂದ ತುದಿಗೆ ವಿವರಣೆ, ಅಳತೆಗಳ ಕೋಷ್ಟಕ, ನೆಮಟೋಸಿಸ್ಟ್, ಕಡೆಗೆ ಹತ್ತಿರದ ಜಾತಿಗಳೊಂದಿಗೆ ಹೋಲಿಕೆ. "ಬಟ್ಟಲು ಉದ್ದ, ಸುಂದರ" ಎಂಬುದು ವಿವರಣೆಯಲ್ಲ. "ಬಟ್ಟಲು ಕೊಳವೆಯಾಕಾರ, ಮೇಲಿನ ಮೂರನೇ ಒಂದು ಭಾಗದಲ್ಲಿ ಹೊರಕ್ಕೆ ಬಾಗಿದೆ, ಬಾಯಿ ದುಂಡು, ಅಂಚು ನಯ, 1–3 ನವೀಕರಣ" ಎಂದರೆ ಇನ್ನೊಬ್ಬರು ಚಿತ್ರವಿಲ್ಲದೆಯೂ ಬರೆದುಕೊಳ್ಳಬಲ್ಲರು. ಕಾಣದ್ದನ್ನೂ ಬರೆಯಿರಿ: ಪಾಲಿಪ್ ಕೊಳೆತಿತ್ತು, ಟೆಂಟಕಲ್ ಎಣಿಸಲಾಗಲಿಲ್ಲ ಎಂದು. ಮೊಬೈಲ್ ಫೋಟೊ ಜೊತೆಗಿರಲಿ, ಆದರೆ ಸೂಕ್ಷ್ಮದರ್ಶಕದ ನೋಟವನ್ನು ಕಾಗದದ ಮೇಲೆ ಬೀಳಿಸಿ ತೋರುವ ಕ್ಯಾಮೆರಾ ಲೂಸಿಡಾದ ರೇಖಾಚಿತ್ರವೇ ಮುಖ್ಯ. ಫೋಟೊದಲ್ಲಿ ಒಂದೇ ಮಟ್ಟ ಸ್ಪಷ್ಟ. ಕೈ ಎಲ್ಲ ಮಟ್ಟಗಳನ್ನೂ ಕೂಡಿಸಿ ಎಳೆಯುತ್ತದೆ. ಚಿತ್ರಕ್ಕೆ ಅಳತೆಪಟ್ಟಿ ಹಾಕಿ. "400 ಪಟ್ಟು" ಎಂದು ಬರೆದರೆ ಮುದ್ರಣದಲ್ಲಿ ಚಿತ್ರ ಕುಗ್ಗಿದಾಗ ಅದು ಸುಳ್ಳಾಗುತ್ತದೆ.

ನಿಜಕ್ಕೂ ಹೊಸದೇ ಆದರೆ ನಿಯಮ ಬಿಗಿ. 2000ದಿಂದೀಚೆಗೆ ಹೋಲೋಟೈಪ್ (ಹೆಸರಿಗೆ ಆಧಾರವಾದ ಮಾದರಿ) ಯಾವುದು, ಅದು ಯಾವ ಸಂಗ್ರಹದಲ್ಲಿದೆ ಎಂದು ಸ್ಪಷ್ಟವಾಗಿ ಬರೆಯದ ಜಾತಿ ಹೆಸರು ಸಿಂಧುವಲ್ಲ. ಹೈಡ್ರಾಯ್ಡ್‌ನಲ್ಲಿ ಇಡೀ ವಸಾಹತು ಅಥವಾ ಅದರ ತುಂಡು ಹೋಲೋಟೈಪ್ ಆಗಬಹುದು. ಅದರಿಂದ ಮಾಡಿದ ಸ್ಲೈಡುಗಳಿಗೂ ಅದೇ ಸಂಖ್ಯೆ ಕೊಡಿ, ಇಲ್ಲದಿದ್ದರೆ ಮುಂದೆ ಯಾರೂ ಜೋಡಿಸಲಾರರು. ಎಲೆಕ್ಟ್ರಾನಿಕ್ ರೂಪದಲ್ಲಷ್ಟೇ ಪ್ರಕಟವಾಗುವ ಪತ್ರಿಕೆಯಾದರೆ ಪ್ರಬಂಧ ಪ್ರಾಣಿಹೆಸರುಗಳ ಅಧಿಕೃತ ಜಾಲದಾಖಲೆ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿ, ಆ ನೋಂದಣಿಯ ಸಾಕ್ಷಿ ಪ್ರಬಂಧದಲ್ಲೇ ಕಾಣಬೇಕು. ಹೆಸರು ವಿಶೇಷಣವಾಗಿದ್ದರೆ ಕುಲದ ಲಿಂಗಕ್ಕೆ ಹೊಂದಬೇಕು, ಅಕ್ರಿಪ್ಟೋಲೇರಿಯಾ ಸ್ತ್ರೀಲಿಂಗ.

ಜೈವಿಕ ವೈವಿಧ್ಯ ಕಾಯ್ದೆ, 2002ರ 39ನೇ ಕಲಮಿನ ಪ್ರಕಾರ ಹೊಸ ಟ್ಯಾಕ್ಸಾನ್ (ಜಾತಿ, ಕುಲದಂಥ ವರ್ಗೀಕರಣದ ಘಟಕ) ಕಂಡವರು ಅದನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಪ್ರಾಣಿಗಳಿಗೆ ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದು. ಹೋಲೋಟೈಪನ್ನು ವಿಭಾಗದ ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವ ಆಸೆ ಬಿಡಿ. ಪ್ರಬಂಧ ಕಳಿಸುವ ಮೊದಲೇ ಒಪ್ಪಿಸಿ ಸಂಖ್ಯೆ ಪಡೆಯಿರಿ, ಆ ಸಂಖ್ಯೆಯನ್ನು ಬಾಟಲಿಯ ಚೀಟಿಗೆ, ಪ್ರತಿ ಸ್ಲೈಡಿಗೆ, ಎಥನಾಲಿನ ತುಂಡಿನ ಕೊಳವೆಗೆ ಪೆನ್ಸಿಲಿನಲ್ಲಿ ಬರೆಯಿರಿ.